ಆಧಾರ್ ಎಲ್ಲೈತ್ರಿ?

ಸಪ್ತಾಪುರದ ನಮ್ಮ ಮನೆಯ ಮಹಡಿ ರೂಮಿಗೆ ತಾಂಜಾನಿಯಾದ ಹುಡುಗನೊಬ್ಬ ಬಾಡಿಗೆಗೆ ಬಂದಿದ್ದಾನೆ. ಧಾರವಾಡಕ್ಕೆ ಓದೋಕೆ ಬಂದವನು. ಅವನಿಗೊಂದು ಬ್ಯಾಂಕ್ ಖಾತೆ ಮಾಡಿಸಿಕೊಡೋಣ, ಪುಣ್ಯ ಬರುತ್ತೆ ಅಂತ ಜೊತೆಗೆ ಹೋದೆ.

ಕೌಂಟರಿನ ಮೇಡಮ್ಮೋರು ಪಾಸ್‌ಪೋರ್ಟನ್ನು ಲಗ್ನಪತ್ರಿಕೆ ನೋಡಿದ ಹಾಗೆ ಹಿಂದೆ ಮುಂದೆ ತಿರುವಿದರು. "ಚೊಲೋ ಐತ್ರಿ. ಆಧಾರ್ ಎಲ್ಲೈತ್ರಿ?"

ಹುಡುಗ ಬಂದು ಒಂಬತ್ತು ದಿನ ಆಗಿತ್ತು ಅಷ್ಟೇ. ವಿದೇಶದವರಿಗೆ ಆಧಾರ್ ಸಿಗಬೇಕಂದ್ರೆ ಹಿಂದಿನ 12 ತಿಂಗಳಲ್ಲಿ 182 ದಿನವಾದರೂ ಇಲ್ಲಿ ಇದ್ದಿರಬೇಕು. ಹಾಗಂತ ಹೇಳಿದೆ.

"ಹಂಗಾದ್ರ 182 ದಿನ ಆದಮ್ಯಾಲ ಬರ್ರಿ."

ಅಲ್ಲಿವರೆಗೆ ಹುಡುಗ ಗಿರ್ಮಿಟ್ ಉದ್ರಿ ತಿನ್ನಬೇಕಾ?

ತಮಾಷೆ ಅಂದ್ರೆ ರಿಸರ್ವ್ ಬ್ಯಾಂಕಿನ ನಿಯಮ ಇದಕ್ಕೆ ಆಧಾರ್ ಕೇಳೋದೇ ಇಲ್ಲ. ವೀಸಾ ಇರುವ ಪಾಸ್‌ಪೋರ್ಟ್, ಫೋಟೊ, ಕಾಲೇಜಿನ ಪ್ರವೇಶ ಪತ್ರ ಇದ್ದರೆ ವಿದೇಶಿ ವಿದ್ಯಾರ್ಥಿಗೆ ಎನ್‌ಆರ್‌ಒ ಖಾತೆ (ಅನಿವಾಸಿಗಳ ರೂಪಾಯಿ ಖಾತೆ) ತೆರೆಯಬಹುದು, ಇಲ್ಲಿನ ವಿಳಾಸ 30 ದಿನದೊಳಗೆ ಕೊಟ್ಟರಾಯ್ತು, ಅದು ಖಾತ್ರಿಯಾಗೋವರೆಗೆ ಹೊರಗಿನಿಂದ 1,000 ಡಾಲರ್‌ಗಿಂತ ಜಾಸ್ತಿ ತರಿಸುವಂತಿಲ್ಲ ಅಷ್ಟೇ. ಪ್ರಿಂಟ್ ತೆಗೆಸಿ ಮ್ಯಾನೇಜರ್ ಮುಂದೆ ಇಟ್ಟೆ. ಚಷ್ಮಾ ಏರಿಸಿ ಪೂರ್ತಿ ಓದಿದರು. "ಇದು ಮುಂಬಯಿದು ಸರ. ನಮ್ಮ ಬ್ರಾಂಚಿಗೆ ಇನ್ನೂ ಬಂದಿಲ್ಲ."

ಆಮೇಲೆ ಒಂದು ದಾರಿ ತೋರಿಸಿದರು. ಬಾಡಿಗೆ ಕರಾರು ಪತ್ರ ತಂದರೆ ನೋಡೋಣ ಅಂದರು. ಇಲ್ಲಿ ನನಗೆ ಸ್ವಲ್ಪ ಕಸಿವಿಸಿ ಆಯ್ತು. ಯಾಕಂದ್ರೆ ಡಿಪಾಸಿಟ್ ನಗದು ಬೇಡಪ್ಪ, ನಿನ್ನ ಅಕೌಂಟಿಂದ ಹಾಕು, ಆಮೇಲೆ ಕರಾರು ಮಾಡೋಣ ಅಂತ ಅವನಿಗೆ ಹೇಳಿದ್ದ ಮಹಾನುಭಾವ ನಾನೇ. ಹುಡುಗ ನನ್ನ ಮುಖ ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಕರಾರು ಮಾಡಿಕೊಟ್ಟೆ. ಝೆರಾಕ್ಸ್ ಅಂಗಡಿಯವನ ಪರಿಚಯ ಎಷ್ಟಾಯ್ತಂದ್ರೆ ಅವನೀಗ ನಮಗೆ ಚಾ ತರಿಸ್ತಾನೆ.

ಹದಿನಾರನೇ ದಿನ ಅರ್ಜಿ ಕಂಪ್ಯೂಟರಿಗೆ ಏರಿತು. ಹುಡುಗನ ಊರು ಅರುಷಾ. ಅಲ್ಲಿನ ಪಿನ್ ಕೋಡ್ ಐದೇ ಅಂಕಿ, ಈ ಕಂಪ್ಯೂಟರಿಗೆ ಆರು ಬೇಕು. ಮೇಡಮ್ಮೋರು ಮೂರು ಸಲ ಹೊಡೆದರು, ಮೂರು ಸಲವೂ ಕೆಂಪು ಅಕ್ಷರ. ಕೊನೆಗೆ ನಮ್ಮ ಕಡೆ ನೋಡದೆ 580001 ಅಂತ ಒತ್ತಿಬಿಟ್ಟರು. ತಕ್ಷಣ ತಗೊಂಡಿತು.

ಈಗ ಬ್ಯಾಂಕಿನ ಲೆಕ್ಕದಲ್ಲಿ ಅವರಪ್ಪ ಅವ್ವ ಇರೋ ಅರುಷಾದ ಮನೆ ಧಾರವಾಡದ ಹೆಡ್ ಪೋಸ್ಟ್ ಆಫೀಸಿಗೆ ಸೇರಿದೆ. ಅದಕ್ಕೆ ಮಾತ್ರ ಯಾರೂ ಪುರಾವೆ ಕೇಳಲಿಲ್ಲ.