ಸ್ಪಷ್ಟನೆ: ಅಮೆರಿಕದ ಜಾಹೀರಾತು ಏಜೆನ್ಸಿಗಳಲ್ಲಿ 65 ದಾಟಿದವರಿಗೂ ಕಾನೂನಿನ ರಕ್ಷಣೆಯಿದೆ

ಅಮೆರಿಕದ ಜಾಹೀರಾತು ಏಜೆನ್ಸಿಗಳು 65 ದಾಟಿದ ನೌಕರರನ್ನು ವಯಸ್ಸಿನ ಕಾರಣಕ್ಕೇ ತೆಗೆದುಹಾಕಬಹುದೆಂದು ನಾನು ಹಿಂದೆ ಬರೆದಿದ್ದ ಸಂದೇಶ ಈಗಲೂ ಹರಿದಾಡುತ್ತಿದೆ, ಅದು ತಪ್ಪು. ಉದ್ಯೋಗದಲ್ಲಿ ವಯೋತಾರತಮ್ಯವನ್ನು ತಡೆಯುವ 1967ರ ಕಾಯ್ದೆ ಮೊದಲು 40ರಿಂದ 65 ವರ್ಷದವರೆಗಿನವರನ್ನಷ್ಟೇ ಒಳಗೊಂಡಿತ್ತು ನಿಜ, ಆದರೆ 1978ರಲ್ಲಿ ಆ ಮಿತಿ 70ಕ್ಕೆ ಏರಿ, 1986ರ ತಿದ್ದುಪಡಿಯಲ್ಲಿ ಬಹುತೇಕ ಎಲ್ಲ ಉದ್ಯೋಗಗಳಿಗೂ ರದ್ದಾಯಿತು. ಹೊಸ ತಲೆಮಾರಿನ ಅಭಿರುಚಿ ಬೇಕೆಂಬ ಮಾತು ಏಜೆನ್ಸಿಗಳಿಗೆ ಅದರಿಂದ ವಿನಾಯಿತಿ ಕೊಡುವುದಿಲ್ಲ. 20ಕ್ಕಿಂತ ಕಡಿಮೆ ನೌಕರರಿರುವ ಖಾಸಗಿ ಸಂಸ್ಥೆಗೆ ಈ ಕಾಯ್ದೆ ಅನ್ವಯಿಸದು, ಸಣ್ಣ ಏಜೆನ್ಸಿಗಳು ಹಲವಿರುವ ಈ ವೃತ್ತಿಯಲ್ಲಿ ಇದು ಗಮನಿಸಬೇಕಾದ ಸಂಗತಿ. ಆದರೂ ನ್ಯೂಯಾರ್ಕ್ ರಾಜ್ಯದ ಕಾನೂನು ಅಂಥವುಗಳನ್ನೂ ಒಳಗೊಳ್ಳುತ್ತದೆ. ಉದ್ಯೋಗ ತಾರತಮ್ಯದ ದೂರುಗಳನ್ನು ವಿಚಾರಿಸುವ ಕೇಂದ್ರ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ (EEOC) ದೂರು ಕೊಡಲು ಸಾಮಾನ್ಯವಾಗಿ 180 ದಿನಗಳಷ್ಟೇ ಇರುವುದರಿಂದ, ನನ್ನ ಹಳೆಯ ಮಾತನ್ನು ನಂಬಿ ಯಾರೂ ಆ ಗಡುವನ್ನು ಕಳೆದುಕೊಳ್ಳಬಾರದು. ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಕಳುಹಿಸಬೇಡಿ.