ಟೆನ್ಷನ್ ಅನ್ನಬಾರದಂತೆ

ಈ ವಾರದಿಂದ ನಮ್ಮನೆಯಲ್ಲಿ ಯಾರೂ ಟೆನ್ಷನ್ ಮಾಡಿಕೊಳ್ಳುವ ಹಾಗಿಲ್ಲ. ಅಕ್ಕನ ಮಗಳು ಸೈಕಾಲಜಿ ಎಂಎ ಓದಲು ಬೆಂಗಳೂರಿಗೆ ಬಂದು ನಮ್ಮಲ್ಲೇ ಇದ್ದಾಳೆ. ಟೆನ್ಷನ್ ತೀರಾ ಒರಟು ಪದವಂತೆ. ಸ್ಟ್ರೆಸ್ಸೋ, ವರಿಯೋ, ಆಂಗ್ಸೈಟಿಯೋ, ಬಿಡಿಸಿ ಹೇಳಬೇಕಂತೆ. ಬಸ್ಸು ತಪ್ಪಿದರೂ ಟೆನ್ಷನ್, ಹಾಲು ಒಡೆದರೂ ಟೆನ್ಷನ್, ಮಗನ ಮಾರ್ಕ್ಸ್ ಕಾರ್ಡ್ ಬಂದರೂ ಟೆನ್ಷನ್ ಅಂತ ಒಂದೇ ಪದದಲ್ಲಿ ಸಂಸಾರ ತೂಗಿಸಿದವಳು ನಾನು.

ಭಾನುವಾರ ನಾದಿನಿ ಮನೆಯವರು ಊಟಕ್ಕೆ ಬರುವವರಿದ್ದರು. ಒಬ್ಬಟ್ಟು ಹಂಚಿನ ಮೇಲಿದ್ದಾಗಲೇ ಗ್ಯಾಸ್ ಖಾಲಿ. ಇನ್ನೊಂದು ಸಿಲಿಂಡರ್ ಅಲ್ಲಾಡಿಸಿದರೆ ಅದೂ ಖಾಲಿ. ಬುಕ್ ಮಾಡಬೇಕಾದ ಯಜಮಾನರು ಕ್ರಿಕೆಟ್ ನೋಡುತ್ತಿದ್ದಾರೆ.

"ಅಯ್ಯೋ, ಟೆನ್ಷನ್ ಆಗ್ತಿದೆ ಕಣೇ!" ಅಂದೆ. ಹುಡುಗಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತಳು.

"ಚಿಕ್ಕಿ, ಗ್ಯಾಸ್ ಖಾಲಿಯಾಗಿದ್ದು ಸ್ಟ್ರೆಸರ್. ಅದರಿಂದ ನಿಂಗೆ ಆಗ್ತಿರೋದು ಸ್ಟ್ರೆಸ್. ಅವರೇನಂತಾರೋ ಅಂತ ತಲೇಲಿ ಓಡ್ತಿದ್ಯಲ್ಲ, ಅದು ವರಿ. ಎದೆ ಹೊಡ್ಕೊಂಡು ಅಂಗೈ ಬೆವರಿದ್ರೆ ಆಂಗ್ಸೈಟಿ."

"ಪಕ್ಕದ ಮನೇಲಿ ಸಿಲಿಂಡರ್ ಕೇಳ್ಕೊಂಡು ಬಾರೇ."

"ತಾಳು. ಇನ್ನೂ ಬರದೇ ಇರೋದಕ್ಕೆ ಹೆದರಿದ್ರೆ ಆಂಗ್ಸೈಟಿ. ಎದುರಿಗೇ ಬಂದು ನಿಂತರೆ ಫಿಯರ್."

ಕಾಲಿಂಗ್ ಬೆಲ್ ಹೊಡೆಯಿತು.

"ನೋಡು, ಈಗ ಫಿಯರ್" ಅಂದಳು. ಖುಷಿಯಾಗಿ.

ನಾದಿನಿ ಅರೆಬೆಂದ ಒಬ್ಬಟ್ಟು ಮುರಿದು, "ಪರವಾಗಿಲ್ಲ ಬಿಡಿ ಅತ್ತಿಗೆ, ನಾವೇನು ಊಟಕ್ಕಂತ ಬಂದ್ವಾ?" ಅಂದಳು. ಊಟಕ್ಕಂತಲೇ ಬಂದಿದ್ದರು. ನನ್ನ ಮುಖ ಬಿಸಿಯಾಯಿತು. ಅದು ಎಮೋಷನ್, ಮೈಯಲ್ಲಿ ನಡೆಯುವಂಥದ್ದು. ಸಿಟ್ಟು ಬಂದಿದೆ ಅಂತ ಮನಸ್ಸಿಗೆ ಗೊತ್ತಾಗುವುದು ಫೀಲಿಂಗ್. ಆಂಟೋನಿಯೊ ಡಮಾಸಿಯೊ ಎಂಬ ನರವಿಜ್ಞಾನಿ ಹೀಗೆ ಬೇರೆ ಮಾಡಿಟ್ಟಿದ್ದಾರಂತೆ. ರಾತ್ರಿ ಪಾತ್ರೆ ತೊಳೆಯುವವರೆಗೂ ಉಳಿದದ್ದು ಮೂಡ್. ಆ ಪಾತ್ರೆಗಳನ್ನು ಯಾರು ತೊಳೆಯಬೇಕು ಅನ್ನೋದು ಮಾತ್ರ ಸಿಲಬಸ್ಸಿನಲ್ಲಿಲ್ಲ.

ಅಮ್ಮನನ್ನೂ ಬಿಡಲಿಲ್ಲ. ಸಂಜೆ ಅಮ್ಮ ಸುಮ್ನೆ "ಯಾಕೋ ಬೇಜಾರು" ಅಂದರು. "ಎಂಥ ಬೇಜಾರಜ್ಜಿ? ಬೋರಾ? ಸ್ಯಾಡಾ? ಲೋನ್ಲಿನಾ?" ಅಂತ ಇವಳು ಶುರು ಮಾಡಿದಳು. "ನಿಮ್ಮ ತಾತ ಇಷ್ಟೆಲ್ಲ ಕೇಳ್ತಿರಲಿಲ್ಲ ಕಣೇ. ಬೇಜಾರು ಅಂದ್ರೆ ಎದ್ದು ಹೋಗಿ ಕಾಫಿ ಮಾಡ್ಕೊಂಡು ಬರೋರು" ಅಂದರು ಅಮ್ಮ. ಅಪ್ಪನ ಕಾಫಿಗೆ ಸಕ್ಕರೆ ಯಾವಾಗಲೂ ಜಾಸ್ತಿ. ಹುಡುಗಿ ನೋಟ್‌ಬುಕ್ಕಿನಲ್ಲಿ 'ಗ್ರೀಫ್' ಅಂತ ಬರೆದುಕೊಂಡಳು. ಕಾಫಿ ನಾನೇ ಮಾಡಿದೆ.

ಹೊಟ್ಟೆಯುರಿಗೆ ನಾನೂ ಓದತೊಡಗಿದೆ. 1936ರಲ್ಲಿ ನೇಚರ್ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬರೆದು, ಮುಂದೆ ಸ್ಟ್ರೆಸ್ ಅನ್ನುವ ಪದವನ್ನು ಡಾಕ್ಟರುಗಳ ಬಾಯಿಗೆ ಹತ್ತಿಸಿದವರು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ. ಎಂಜಿನಿಯರುಗಳಿಗೆ ತೊಲೆಯ ಮೇಲಿನ ಒತ್ತಡ ಸ್ಟ್ರೆಸ್, ಅದರಿಂದ ತೊಲೆ ಬಾಗಿದರೆ ಸ್ಟ್ರೇನ್. ತನ್ನ ಇಂಗ್ಲಿಷ್ ಇನ್ನೂ ಚೆನ್ನಾಗಿದ್ದಿದ್ದರೆ ಸ್ಟ್ರೇನ್ ಅಂತಲೇ ಕರೆಯುತ್ತಿದ್ದೆ ಅಂತ ಆ ಪುಣ್ಯಾತ್ಮ ಆಮೇಲೆ ಹೇಳಿಕೊಂಡಿದ್ದಾರೆ. ಹೆಸರಿಟ್ಟವರಿಗೇ ಗಲಿಬಿಲಿ!

ಓಡಿಹೋಗಿ ಅವಳಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, "ಚಿಕ್ಕಿ, ನೋವಾಗದಿರ್ಲಿ ಅಂತ ಮನಸ್ಸು ಹೂಡೋ ಇಂಥ ಉಪಾಯಕ್ಕೆ ಡಿಫೆನ್ಸ್ ಮೆಕಾನಿಸಂ ಅಂತಾರೆ" ಅಂದಳು.