ವಾಯುಪಡೆ ಪೈಲಟ್‌ಗಳು ನಾಳೆಯೇ ಬಂದು ವಿಮಾನ ಹಾರಿಸ್ತಾರಾ?

ಪೈಲಟ್‌ಗಳ ಮುಷ್ಕರದ ಮಾತು ಬಂದಾಗಲೆಲ್ಲ ಒಂದು ಮೆಸೇಜ್ ಓಡಾಡುತ್ತದೆ: ವಾಯುಪಡೆಯವರನ್ನು ಕರೆಸಿದರೆ ಮರುದಿನವೇ ಎಲ್ಲ ಸರಿಹೋಗುತ್ತದೆ ಅಂತ. ಪ್ರಯಾಣ ನಿಂತುಹೋಗುವ ಚಿಂತೆಯಲ್ಲಿ ಇದನ್ನು ನಂಬುವುದು ಸಹಜ. ಆದರೆ ಅದು ಹಾಗೆ ನಡೆಯುವುದಿಲ್ಲ.

ಪೈಲಟ್ ಲೈಸೆನ್ಸ್ ಇದ್ದರೆ ಸಾಲದು. ಏರ್‌ಬಸ್ 320 ಹಾರಿಸಲು ಆ ಮಾದರಿಗೇ ಬೇರೆ ಅನುಮತಿ ಬೇಕು, ಬೋಯಿಂಗ್ 737ಕ್ಕೆ ಮತ್ತೊಂದು. ಮೊದಲು ತರಗತಿ, ಆಮೇಲೆ ಸಿಮ್ಯುಲೇಟರ್, ಅಂದರೆ ನೆಲದ ಮೇಲೇ ಹಾರಾಟದ ಅನುಭವ ಕೊಡುವ ಯಂತ್ರ. ಎಂಜಿನ್‌ಗೆ ಬೆಂಕಿ ಬಿದ್ದರೆ ಯಾವ ಸ್ವಿಚ್, ಯಾರು ಒತ್ತಬೇಕು ಎಂಬುದನ್ನು ಇಬ್ಬರು ಪೈಲಟ್‌ಗಳೂ ಸೇರಿ ಮತ್ತೆ ಮತ್ತೆ ಅಭ್ಯಾಸ ಮಾಡುತ್ತಾರೆ. ಅದಾದ ಮೇಲೂ ತರಬೇತುದಾರರ ಜೊತೆ ಹಾರಬೇಕು. ಇದಕ್ಕೆಲ್ಲ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಬದಲಿ ವ್ಯವಸ್ಥೆ ಆಗೇ ಇಲ್ಲ ಅಂತಲ್ಲ. 1989ರಲ್ಲಿ ಆಸ್ಟ್ರೇಲಿಯಾದಲ್ಲಿ ಪೈಲಟ್‌ಗಳು ಕೆಲಸ ನಿಲ್ಲಿಸಿದಾಗ ವಾಯುಪಡೆ ಜನರನ್ನು ಸಾಗಿಸಿತು, ಆದರೆ ತನ್ನದೇ ವಿಮಾನಗಳಲ್ಲಿ. ಹೊರದೇಶದ ವಿಮಾನ, ಸಿಬ್ಬಂದಿಯೂ ಬಂದರು. ಆದರೂ ತೊಂದರೆ ತಿಂಗಳುಗಟ್ಟಲೆ ಮುಂದುವರಿಯಿತು.

ಇಂಥ ಮೆಸೇಜ್ ಬಂದರೆ ಎರಡು ವಿಷಯ ನೋಡಿ: ಯಾವ ಮಾದರಿಯ ವಿಮಾನ, ಅದಕ್ಕೆ ಅನುಮತಿ ಇರುವವರು ಯಾರು? ಲೈಸೆನ್ಸ್ ನಿಯಮಗಳು ಸರ್ಕಾರಿ ವೆಬ್‌ಸೈಟ್‌ನಲ್ಲಿ ಎಲ್ಲರಿಗೂ ಸಿಗುತ್ತವೆ. ನಿಮ್ಮ ವಿಮಾನ ಹೊರಡುತ್ತಾ ಅನ್ನೋದನ್ನು ವಿಮಾನ ಕಂಪನಿಯ ಆ್ಯಪ್‌ನಲ್ಲೇ ನೋಡಿಕೊಳ್ಳಿ.